ಜಪಾನಿನ ರಾಮನಿಗೆ ಕನ್ನಡ ಯಾಕೆ ಬರಲಿಲ್ಲ?

2025ರ ಜನವರಿ 24ರಂದು ಒಂದು ಹಳೇ ಅನಿಮೇಷನ್ ಸಿನಿಮಾ ಮತ್ತೆ ನಮ್ಮ ಥಿಯೇಟರುಗಳಿಗೆ ಬಂತು. 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಜಪಾನಿನ ಯುಗೋ ಸಾಕೋ ನಮ್ಮ ರಾಮ್ ಮೋಹನ್ ಜೊತೆ ಸೇರಿ 1990ರ ದಶಕದ ಶುರುವಿನಲ್ಲಿ ಮಾಡಿದ್ದು. ಈ ಸಲ ಬಂದಿದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕನ್ನಡ? ಇಲ್ಲ!

ಅಲ್ಲಾ ಸ್ವಾಮಿ, ಕಿಷ್ಕಿಂಧೆ ಅಂತ ಜನ ತೋರಿಸೋದು ನಮ್ಮ ಆನೆಗೊಂದಿ ಕಡೆಗೆ. ತೊರವೆ ರಾಮಾಯಣದಿಂದ ಹಿಡಿದು ಕುವೆಂಪು ತನಕ ರಾಮಾಯಣ ಬರೆದೂ ಬರೆದೂ ಜ್ಞಾನಪೀಠ ತಂದ ಭಾಷೆ ನಮ್ಮದು. ಹಂಪಿ ಪಕ್ಕದ ಹನುಮಂತ ಹಿಂದೀಲಿ ಮಾತಾಡಿದ್ದನ್ನ ನಮ್ಮ ಮಕ್ಕಳು ನೋಡಬೇಕಾಯ್ತು.

ಅದೇ ವರ್ಷ ಸೆಪ್ಟೆಂಬರ್ 12ಕ್ಕೆ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಮತ್ತೆ ಅದೇ ಕಥೆ. ಹೆಬ್ಬಾಳದ ಕಡೆ ನಾನು ನೋಡಿದ ಶೋನಲ್ಲಿ ಪಾಪ್‌ಕಾರ್ನ್ ಕ್ಯೂನಲ್ಲಿದ್ದ ಹುಡುಗರು ತಂಜಿರೋ ಬಗ್ಗೆ ಜಗಳ ಆಡ್ತಾ ಇದ್ದಿದ್ದು ಅಚ್ಚ ಕನ್ನಡದಲ್ಲಿ!

ಇದಕ್ಕೆ ಯಾರು ಕಾರಣ? 1960ರ ದಶಕದಿಂದ ಡಬ್ಬಿಂಗ್‌ಗೆ ಅಡ್ಡ ನಿಂತ ನಮ್ಮ ಚಿತ್ರರಂಗ ಅಂತ ಹೇಳಿಬಿಡೋದು ಸುಲಭ. ಆ ತಡೆ ಕಾನೂನು ಆಗಿರಲೇ ಇಲ್ಲ, ಬರೀ ಕಟ್ಟುಪಾಡು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪು ಅಂತ ಹೇಳಿ ದಂಡವನ್ನೂ ಹಾಕ್ತು. ಅಲ್ಲಿಂದ ಹತ್ತು ವರ್ಷ ಆದ ಮೇಲೂ ಈ ಪರಿಸ್ಥಿತಿ ಅಂದ್ರೆ, ಈಗ ಅಡ್ಡ ನಿಂತಿರೋದು ನಾವೇ. ಅನಿಮೆ ನೋಡೋ ನಾವು ಇಂಜಿನಿಯರುಗಳು!

ನಮ್ಮವರ ವಾದ ಕೇಳಿ. "ಅನಿಮೆ ಜಪಾನಿ ಭಾಷೇಲೇ ನೋಡಬೇಕು ಮಗಾ, ಕನ್ನಡದಲ್ಲಿ ಕಾಮಿಡಿ ಆಗುತ್ತೆ." ಗುರು, ಚಿತ್ರ ಬರೆದ ಪಾತ್ರಕ್ಕೆ ಯಾವ ಮಾತೃಭಾಷೆ? ಜಪಾನಿನಲ್ಲೂ ಸಾಮಾನ್ಯವಾಗಿ ಮೊದಲು ಚಿತ್ರ, ಆಮೇಲೆ ನಟರು ಸ್ಟುಡಿಯೋದಲ್ಲಿ ನಿಂತು ದನಿ ಕೊಡೋದು. 1963ರಲ್ಲಿ ತೆಜುಕಾ ಅವರ 'ಆಸ್ಟ್ರೋ ಬಾಯ್' ಟಿವಿಗೆ ಬಂದಾಗಿಂದ ಖರ್ಚು ಉಳಿಸೋಕೆ ಚಿತ್ರಗಳನ್ನ ಕಮ್ಮಿ ಮಾಡ್ಕೊಂಡು ಬಂದಿದ್ದಾರೆ. ಬಾಯಿಗೆ ಮುಚ್ಚಿದ್ದು, ಅರ್ಧ ತೆರೆದಿದ್ದು, ಪೂರ್ತಿ ತೆರೆದಿದ್ದು ಅಂತ ಮೂರು ಚಿತ್ರ ಇದ್ರೆ ಎಷ್ಟೋ ಕಡೆ ಕೆಲಸ ನಡೆದುಹೋಗುತ್ತೆ. ಅಂಥ ತುಟಿಗೆ ಕನ್ನಡ ಕೂರಿಸೋದು ಕಷ್ಟಾನಾ? ಕಾಮಿಡಿ ಆಗೋದು ಕೆಟ್ಟ ಅನುವಾದದಿಂದ, ಕನ್ನಡದಿಂದಲ್ಲ.

ಇನ್ನೊಂದು ವಾದ: "ಸಬ್‌ಟೈಟಲ್ ಇದೆಯಲ್ಲ." ನಿಮಗಿದೆ. ಆರು ವರ್ಷದ ಮಗು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ? ಅದು ಹಿಂದಿ ಒತ್ತುತ್ತೆ. ಡೋರೆಮಾನ್, ಶಿನ್‌ಚಾನ್ ನೋಡಿ ಬೆಳೆದ ಮಕ್ಕಳು ಆರ್.ಟಿ. ನಗರದ ಕನ್ನಡದ ಮನೆಗಳಲ್ಲೇ ಆಟ ಆಡೋವಾಗ ಹಿಂದೀಲಿ ಕೂಗಾಡೋದನ್ನ ನಾನೇ ಕೇಳಿದ್ದೀನಿ. ಬೆರಗು ಹಿಂದೀಲಿ, ಬೈಸಿಕೊಳ್ಳೋದು ಮಾತ್ರ ಕನ್ನಡದಲ್ಲಿ!

ಡಬ್ಬಿಂಗ್ ಬಂದ್ರೆ ಕಲಾವಿದರ ಅನ್ನ ಹೋಗುತ್ತೆ ಅನ್ನೋ ಹಳೇ ಮಾತು ಇಲ್ಲಿ ನಿಲ್ಲಲ್ಲ. ನಾವೇನು ಇಲ್ಲಿ ಅನಿಮೆ ತಯಾರಿಸ್ತಿದ್ದೀವಾ ಹಾಳಾಗೋಕೆ? ದನಿ ಕೊಡೋರಿಗೆ, ಸಂಭಾಷಣೆ ಬರೆಯೋರಿಗೆ ಹೊಸ ಕೆಲಸ ಸಿಗುತ್ತೆ ಅಷ್ಟೇ. ಬೆಂಗಳೂರಿನ ಹೊಂಬಾಳೆ 2025ರ ಜುಲೈನಲ್ಲಿ 'ಮಹಾವತಾರ್ ನರಸಿಂಹ' ಅನಿಮೇಷನ್ ಚಿತ್ರವನ್ನ ಕನ್ನಡದಲ್ಲೂ ತಂದಿತಲ್ಲ, ಯಾವ ಆಕಾಶ ಕಳಚಿ ಬಿತ್ತು?

ಕಂಪನಿಗಳಿಗೆ ಕನ್ನಡದ ಮೇಲೆ ದ್ವೇಷ ಇಲ್ಲ, ಪ್ರೀತೀನೂ ಇಲ್ಲ. ಅವರಿಗೆ ಬೇಕಿರೋದು ಲೆಕ್ಕ. ಯಾವ ಭಾಷೆ ಎಷ್ಟು ಜನ ಆರಿಸಿದರು, ಎಷ್ಟು ಜನ ಕೇಳಿದರು ಅಂತ. ಕೆಲವು ಮಕ್ಕಳ ಚಾನೆಲ್‌ಗಳು ಕನ್ನಡ ಆಡಿಯೋ ಕೊಡ್ತಿವೆ, ನಮ್ಮ ಎಷ್ಟು ಮನೆಗಳಲ್ಲಿ ರಿಮೋಟ್ ಒತ್ತಿ ಅದನ್ನ ಆನ್ ಮಾಡಿದ್ದೀವಿ? 'ವೆದರಿಂಗ್ ವಿತ್ ಯು' 2019ರಲ್ಲಿ ಭಾರತದ ಥಿಯೇಟರಿಗೆ ಬಂದಿದ್ದಕ್ಕೆ ಅಭಿಮಾನಿಗಳ ಆನ್‌ಲೈನ್ ಅರ್ಜಿ ಮುಖ್ಯ ಕಾರಣ. ಅಂಥದ್ದೊಂದು ಅರ್ಜಿ ಕನ್ನಡಕ್ಕಾಗಿ ಹಾಕೋಕೆ ನಮಗೇನು ಬೆರಳು ನೋಯುತ್ತಾ? ದಿನವಿಡೀ ಕಸ್ಟಮರ್‌ಗೆ ಮೇಲ್ ಬರೆಯೋ ಕೈ ಅಲ್ವಾ ಇದು!

ಏನಂತೀರಿ?