ಗಿರಿಪಥಗಳಿಗೆ ವಾರದ ಬಿಡುವು

ಇಟಲಿ ದೇಶದ ವಾಯವ್ಯ ಭಾಗದಲ್ಲಿ, ಫ್ರಾನ್ಸಿನ ಗಡಿಗೆ ಅನತಿದೂರದಲ್ಲಿ, ಸೂಸಾ ಮತ್ತು ಕಿಸೋನೆ ಎಂಬ ಎರಡು ಕಣಿವೆಗಳ ನಡುವೆ ಚಾಚಿಕೊಂಡಿರುವ ಪರ್ವತಶ್ರೇಣಿಯ ನೆತ್ತಿಯ ಮೇಲೆ, ಸುಮಾರು 35 ಕಿಲೋಮೀಟರು ಉದ್ದದ ಜಲ್ಲಿಯ ರಸ್ತೆಯೊಂದುಂಟು. ಅಸ್ಸಿಯೆತ್ತಾ ಎಂಬ ಹೆಸರಿನ ಆ ದಾರಿ ಡಾಂಬರನ್ನು ಕಂಡುದಿಲ್ಲ. ಬಹುಮಟ್ಟಿಗೆ 2,000 ಮೀಟರಿಗಿಂತ ಎತ್ತರದಲ್ಲಿಯೇ ಸಾಗಿ, ತನ್ನ ಅತ್ಯುನ್ನತ ಸ್ಥಾನದಲ್ಲಿ 2,500 ಮೀಟರನ್ನೂ ದಾಟುತ್ತದೆ. 1747ರ ಜುಲೈ 19ರಂದು ಅದೇ ಹೆಸರಿನ ಕಣಿವೆಬಾಗಿಲಿನಲ್ಲಿ ಪಿಯೆಮಾಂಟಿನ ಸೈನ್ಯವು ತನಗಿಂತ ಬಲವತ್ತರವಾದ ಫ್ರೆಂಚ್ ಸೇನೆಯನ್ನು ತಡೆದು ನಿಲ್ಲಿಸಿತು. ಫ್ರೆಂಚರ ದಂಡನಾಯಕನೇ ಆ ದಿನ ರಣಭೂಮಿಯಲ್ಲಿ ಮಡಿದನು. ನೂರೈವತ್ತು ವರ್ಷಗಳ ತರುವಾಯ ಅದೇ ಗಡಿಯ ಕಾವಲಿಗೆ ಫಿರಂಗಿಗಳನ್ನೂ ಹೇರುಗತ್ತೆಗಳನ್ನೂ ಮೇಲೇರಿಸುವ ಅಗತ್ಯವುಂಟಾದಾಗ, ಪ್ರಾಣಿಗಳಿಗೆ ಆಯಾಸವಾಗದಂತೆ ಮೆಲ್ಲಮೆಲ್ಲನೆ ಏರುವ ಪಥಗಳನ್ನು ಸೈನ್ಯದವರು ಈ ಬೆಟ್ಟಗಳಲ್ಲಿ ಕಡಿದರು. ಯುದ್ಧಗಳು ಮುಗಿದುವು, ಗಡಿಗಳು ಶಾಂತವಾದುವು. ಹೇರುಗತ್ತೆಗಾಗಿ ಅಳೆದ ಆ ಇಳಿಜಾರು ಈಗ ಸೈಕಲ್ಲಿನವನ ಕಾಲಿಗೆ ಒದಗಿಬಂದಿದೆ.

ಆ ಪಥದ ಎತ್ತರ, ಇತಿಹಾಸಗಳಿಗಿಂತ ಮಿಗಿಲಾಗಿ ನಮ್ಮ ಮಲೆನಾಡಿನ ಆಡಳಿತಗಾರರು ಗಮನಿಸತಕ್ಕದ್ದು ಅದಕ್ಕೆ ವಿಧಿಸಿರುವ ಒಂದು ಸಣ್ಣ ನಿಯಮವನ್ನು. ಜುಲೈ ಮತ್ತು ಆಗಸ್ಟ್ ತಿಂಗಳುಗಳ ಬುಧವಾರ ಹಾಗೂ ಶನಿವಾರಗಳಂದು, ಬೆಳಗ್ಗೆ 9ರಿಂದ ಸಂಜೆ 5 ಗಂಟೆಯವರೆಗೆ, ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಆ ಹೊತ್ತಿನಲ್ಲಿ ರಸ್ತೆಯೆಲ್ಲ ನಡೆಯುವವರದು, ಸೈಕಲ್ಲಿನವರದು. ಮಿಕ್ಕ ದಿನಗಳಲ್ಲಿ ಕಾರು ಹೋಗಬಹುದು, ಗಂಟೆಗೆ 30 ಕಿಲೋಮೀಟರಿನ ವೇಗಮಿತಿಗೆ ಒಳಪಟ್ಟು. ಇದೇ ಪ್ರಾಂತದ ದಕ್ಷಿಣದಲ್ಲಿ ಲಿಮೋನೆಯಿಂದ ಮೊನೇಸಿಯವರೆಗೆ ಹೋಗುವ ‘ಉಪ್ಪಿನ ಹಾದಿ’ಯೂ ಹಳೆಯ ಸೈನಿಕ ಪಥವೇ. ಅಲ್ಲಿ ಮಂಗಳವಾರ ಮತ್ತು ಗುರುವಾರ ಮೋಟಾರಿಗೆ ನಿಷೇಧ. ಉಳಿದ ದಿನಗಳಲ್ಲಿ ದಿನವೊಂದಕ್ಕೆ ಇಷ್ಟೇ ಕಾರು, ಇಷ್ಟೇ ಮೋಟಾರುಸೈಕಲ್ಲು ಎಂಬ ಮಿತಿ, ಜೊತೆಗೆ ಸುಂಕ. ಯಾರನ್ನೂ ಶಾಶ್ವತವಾಗಿ ಹೊರಗಿಡದೆ, ಯಾರಿಗೂ ಸರ್ವಾಧಿಕಾರವನ್ನು ಕೊಡದೆ, ಕಾಲವನ್ನು ಹಂಚಿಕೊಟ್ಟು ಸ್ಥಳದ ಜಗಳವನ್ನು ಪರಿಹರಿಸುವ ಈ ಉಪಾಯಕ್ಕೆ ತಗಲುವ ಖರ್ಚೆಂದರೆ ಒಂದು ಗೇಟು, ಒಂದು ಫಲಕ, ಒಬ್ಬ ಕಾವಲುಗಾರನ ಸಂಬಳ.

ಅಸ್ಸಿಯೆತ್ತಾ ಪಥದ ಪೂರ್ವದ ತುದಿಗೆ ಸಮೀಪದಲ್ಲಿರುವ ಫಿನೆಸ್ತ್ರೆ ಕಣಿವೆಬಾಗಿಲು ಸೈಕಲ್ ಪಂದ್ಯಗಳನ್ನು ಬಲ್ಲವರಿಗೆ ಸುಪರಿಚಿತ. ಸೂಸಾದಿಂದ ಅಲ್ಲಿಗೆ 18 ಕಿಲೋಮೀಟರಿಗೂ ಮಿಕ್ಕ ಏರು. ಅದರ ಕೊನೆಯ ಸುಮಾರು 8 ಕಿಲೋಮೀಟರು ಬರಿಯ ಜಲ್ಲಿ. ಇಟಲಿಯ ಮಹಾಪಂದ್ಯವಾದ ‘ಜೀರೋ’ 2005ರಲ್ಲಿ ಪ್ರಥಮವಾಗಿ ಆ ಮಾರ್ಗವನ್ನು ಹಿಡಿಯಿತು. 2018ರಲ್ಲಿ ಕ್ರಿಸ್ ಫ್ರೂಮ್ ಎಂಬ ಬ್ರಿಟಿಷ್ ಸವಾರನು ಗುರಿಯಿನ್ನೂ 80 ಕಿಲೋಮೀಟರು ದೂರವಿರುವಾಗಲೇ ಆ ಜಲ್ಲಿಯ ಮೇಲೆ ಎಲ್ಲರನ್ನೂ ಹಿಂದಿಕ್ಕಿ, ಒಂಟಿಯಾಗಿ ಓಡಿ, ಇಡೀ ಪಂದ್ಯವನ್ನೇ ಗೆದ್ದನು. ಇಂಥ ಕೀರ್ತಿ ಬಂದ ಮೇಲೆಯೂ ಆ ಕೊನೆಯ ಭಾಗಕ್ಕೆ ಡಾಂಬರು ಬೀಳಲಿಲ್ಲವೆಂಬುದನ್ನು ಓದಿದಾಗ, ನಮ್ಮ ಕಡೆಯಾಗಿದ್ದರೆ ಮರುವರ್ಷವೇ ಶಂಕುಸ್ಥಾಪನೆಯ ಕಲ್ಲು ನೆಟ್ಟು, ಅದರ ಮೇಲೆ ಹೆಸರುಗಳ ಸಾಲನ್ನು ಕೆತ್ತಿಸಿಬಿಡುತ್ತಿದ್ದರಲ್ಲವೇ ಎಂಬ ಯೋಚನೆ ಬಾರದಿರುವುದು ಕಷ್ಟ.

ಜಲ್ಲಿಯ ರಸ್ತೆಯೆಂದರೆ ಅಲಕ್ಷ್ಯಕ್ಕೆ ಗುರಿಯಾದ ರಸ್ತೆಯೆಂದು ಭಾವಿಸುವುದು ನಮ್ಮಲ್ಲಿ ರೂಢಿ. ಸರಿಯಾಗಿ ಕಟ್ಟಿದ ಜಲ್ಲಿಯ ರಸ್ತೆಗೆ ತನ್ನದೇ ಆದ ಶಾಸ್ತ್ರವುಂಟು. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ, ಸಂದುಗಳನ್ನು ತುಂಬಲು ಗರಸು. ನೀರು ನಿಲ್ಲದಂತೆ ನಡುವೆ ಉಬ್ಬು, ಪಕ್ಕದಲ್ಲಿ ಚರಂಡಿ, ಹಳ್ಳ ದಾಟುವಲ್ಲಿ ಮೋರಿ. ಇಂತಹ ಮೈ ಸೈಕಲ್ಲಿನ ಭಾರವನ್ನು ವರ್ಷಗಟ್ಟಲೆ ತಾಳಬಲ್ಲುದು. ಅದನ್ನು ಕೆಡಿಸುವವು ಎರಡೇ, ಚರಂಡಿ ಕಟ್ಟಿಕೊಂಡಾಗ ರಸ್ತೆಯ ಮೇಲೆ ಹರಿಯುವ ಮಳೆನೀರು ಮತ್ತು ವೇಗವಾಗಿ ಓಡುವ ಮೋಟಾರಿನ ಚಕ್ರ. ಚಕ್ರವು ಸಡಿಲ ಜಲ್ಲಿಯನ್ನು ಹಿಂದಕ್ಕೆಸೆಯುತ್ತ ಹೋದಂತೆ ರಸ್ತೆಯ ಮೈಯಲ್ಲಿ ಅಡ್ಡಡ್ಡಲಾಗಿ ಏಣುಗಳು ಮೂಡುತ್ತವೆ. ಒಮ್ಮೆ ಮೂಡಿದ ಏಣು ತನ್ನ ಮುಂದೆ ಇನ್ನೊಂದನ್ನು ಹುಟ್ಟಿಸುತ್ತದೆ. ಸೈಕಲ್ಲಿನವನಿಗೆ ಧೂಳು, ಸಿಡಿಯುವ ಕಲ್ಲು, ಬದಿಗೆ ಸರಿಯಲು ಜಾಗವಿಲ್ಲದ ಕೊರಕಲಂಚು, ಎಲ್ಲವೂ ಒಂದೇ ಕಾರಣದಿಂದ ಬರತಕ್ಕ ಕಷ್ಟಗಳು. ಆದಕಾರಣ ಜಲ್ಲಿಯನ್ನು ಉಳಿಸುವುದೂ ಮೋಟಾರನ್ನು ತಡೆಯುವುದೂ ಕೂಡಿಯೇ ಸಾಗಬೇಕಾದ ಕೆಲಸಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಹೊರಟರೆ ಎರಡೂ ಕೈತಪ್ಪುತ್ತವೆ.

ಪಶ್ಚಿಮಘಟ್ಟದ ವಿಷಯಕ್ಕೆ ಬರುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ನ್ಯಾಯ. ಗರ್ಭಿಣಿಯನ್ನೋ ರೋಗಿಯನ್ನೋ ಕಂಬಳಿಯ ಜೋಲಿಯಲ್ಲಿ ಹೊತ್ತು ತರಬೇಕಾದ ಊರುಗಳು ಮಲೆನಾಡಿನಲ್ಲಿ ಇಂದಿಗೂ ಇವೆ. ಅಂಥ ಊರಿನವರು ಡಾಂಬರು ಕೇಳುವುದು ಹಕ್ಕಿನ ಪ್ರಶ್ನೆ. ಪಟ್ಟಣದಿಂದ ಬಂದ ಸವಾರನ ಸೌಂದರ್ಯಾಭಿರುಚಿಗಾಗಿ ಅವರ ದಾರಿಯನ್ನು ಕಚ್ಚಾ ಸ್ಥಿತಿಯಲ್ಲಿಯೇ ಇಡಬೇಕೆಂದು ವಾದಿಸುವವನು ಆ ಜೋಲಿಗೆ ಒಮ್ಮೆಯಾದರೂ ಹೆಗಲು ಕೊಡಲಿ. ಅಭಯಾರಣ್ಯದ ಒಳಹಾದಿಗಳನ್ನೂ ನಾನು ಈ ಪ್ರಸ್ತಾಪದಿಂದ ಹೊರಗಿಡುತ್ತೇನೆ. ಸದ್ದಿಲ್ಲದೆ ಬರುವ ಸೈಕಲ್ಲು ತಿರುವಿನಲ್ಲಿ ಆನೆಗೆ ಎದುರಾಗುವುದು ಇಬ್ಬರಿಗೂ ಕ್ಷೇಮವಲ್ಲ. ಈ ಎರಡನ್ನೂ ಕಳೆದ ಮೇಲೆ ಉಳಿಯುವವು ಮತ್ತೊಂದು ಬಗೆಯ ರಸ್ತೆಗಳು: ಯಾವ ಊರನ್ನೂ ತಲಪದೆ, ಗಿರಿಶಿಖರವನ್ನೋ ಜಲಪಾತವನ್ನೋ ನೋಡಬಂದವರನ್ನು ಮಾತ್ರ ಮೇಲಕ್ಕೊಯ್ದು ಕೆಳಕ್ಕಿಳಿಸುವಂಥವು. ಇವುಗಳನ್ನು ಅಗಲಿಸುವುದಕ್ಕೂ ಕಾಂಕ್ರೀಟು ಹೊದಿಸುವುದಕ್ಕೂ ನಾವು ತೋರುವ ಉತ್ಸಾಹ ಮಾತ್ರ ನನಗೆ ಅರ್ಥವಾಗದು. ರಸ್ತೆ ಅಗಲವಾದಷ್ಟೂ ವಾಹನ ಹೆಚ್ಚುತ್ತದೆ. ವಾಹನ ಹೆಚ್ಚಿದಷ್ಟೂ ಬೆಟ್ಟದ ಬದಿಯನ್ನು ಇನ್ನಷ್ಟು ಕಡಿಯಬೇಕಾಗುತ್ತದೆ. ಕಡಿದ ಬದಿ ಆಷಾಢದ ಮಳೆಗೆ ಕುಸಿದಾಗ ಪ್ರಕೃತಿಯ ಕೋಪವೆಂದು ಪತ್ರಿಕೆಗಳಲ್ಲಿ ಬರೆಯುತ್ತೇವೆ.

ಬಿಡುವಿನ ತತ್ತ್ವವೇನೂ ನಮಗೆ ಹೊಸದಲ್ಲ. ಬಂಡೀಪುರದ ಅರಣ್ಯವನ್ನು ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಸಂಚಾರವನ್ನು ನಿರ್ಬಂಧಿಸುವ ಕ್ರಮವು 2009ರಿಂದ ನಡೆದುಬಂದಿದೆ. ಎಷ್ಟು ಒತ್ತಡ ಬಂದರೂ ನಿಂತಿದೆ. ನೀಲಗಿರಿಯ ಊಟಿಗೂ ಕೊಡೈಕಾನಲಿಗೂ ಹೋಗುವ ವಾಹನಗಳು ಮುಂಗಡವಾಗಿ ಇ-ಪಾಸು ಪಡೆಯಬೇಕೆಂದು ಮದರಾಸು ಹೈಕೋರ್ಟಿನ ಆಜ್ಞೆಯಂತೆ 2024ರ ಮೇ 7ರಿಂದ ನಿಯಮವಾಯಿತು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯಲ್ಲಿಯೂ, ವಾರಾಂತ್ಯದ ಕಾರುಗಳ ಸಾಲು ಇಕ್ಕಟ್ಟಾದ ತಿರುವುಗಳಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುವುದನ್ನು ಕಂಡು ಕಂಡು ಬೇಸತ್ತ ಜಿಲ್ಲಾಡಳಿತವು ವಾಹನಗಳ ಸಂಖ್ಯೆಗೆ ಮಿತಿಯನ್ನು ಗೊತ್ತುಪಡಿಸಿದೆ. ಸಂಖ್ಯೆಯನ್ನು ಮಿತಗೊಳಿಸಬಲ್ಲ ಆಡಳಿತಕ್ಕೆ ವಾರದ ಒಂದೆರಡು ದಿನ ಆ ಸಂಖ್ಯೆಯನ್ನು ಸೊನ್ನೆಗಿಳಿಸುವುದು ಅಸಾಧ್ಯವೇನಲ್ಲ.

ಸೈಕಲ್ಲು ನಮ್ಮ ಜನರಿಗೆ ಒಗ್ಗದ ವಿಲಾಸವೆಂಬ ಆಕ್ಷೇಪವನ್ನು ಕೆಲವರು ಎತ್ತುತ್ತಾರೆ. ಜಲ್ಲಿಯ ಹಾದಿಗೆಂದೇ ತಯಾರಾದ, ಅಗಲವಾದ ಟೈರಿನ ಸೈಕಲ್ಲುಗಳ ಬೆಲೆ ಕೇಳಿದರೆ ಆ ಮಾತು ನಿಜವೆಂದೇ ತೋರುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಅವು ಮೋಟಾರುಸೈಕಲ್ಲಿನ ಬೆಲೆಯನ್ನು ಸಲೀಸಾಗಿ ಮೀರುತ್ತವೆ. ಆದರೆ 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚತೊಡಗಿದಾಗ, ಗೇರಿಲ್ಲದ, ಭಾರವಾದ ಆ ಕಬ್ಬಿಣದ ಸೈಕಲ್ಲುಗಳನ್ನು ತುಳಿಯುತ್ತ, ಏರಿನಲ್ಲಿ ಇಳಿದು ನೂಕುತ್ತ, ಇಳಿಜಾರಿನಲ್ಲಿ ಬ್ರೇಕನ್ನು ನಂಬದೆ ಚಪ್ಪಲಿಯನ್ನು ನೆಲಕ್ಕೊತ್ತುತ್ತ, ಮಣ್ಣು ದಾರಿಗಳಲ್ಲಿ ಶಾಲೆಗೆ ಹೋಗಿಬಂದ ಹೆಣ್ಣುಮಕ್ಕಳ ಒಂದು ಪೀಳಿಗೆಯೇ ಈ ನಾಡಿನಲ್ಲಿದೆ. ಯುರೋಪಿನ ಯಾವ ಸವಾರನಿಗೂ ಕಡಮೆಯಲ್ಲದ ಅಭ್ಯಾಸ ಅವರದು. ಅವರ ಊರಿನ ಬೆಟ್ಟಕ್ಕೆ ಹೋಗಬೇಕೆಂದರೆ ಮಾತ್ರ ಅವರಿಗೆ ಜೀಪಿನ ಬಾಡಿಗೆ ಬೇಕು, ಅಥವಾ ಕಾರುಗಳ ಹೊಗೆಯ ನಡುವೆ ಪ್ರಾಣವನ್ನು ಕೈಯಲ್ಲಿ ಹಿಡಿದು ತುಳಿಯಬೇಕು.

ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಜಲ್ಲಿಯ ಪಥ ನಿಲ್ಲುವುದೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಮಳೆಗಾಲದಲ್ಲಿ ನಿಲ್ಲಲಾರದು, ನಿಲ್ಲಿಸಲು ಯತ್ನಿಸುವುದೂ ಬೇಡ. ಆಲ್ಪ್ಸಿನ ಪಥಗಳು ಹಿಮದ ದೆಸೆಯಿಂದ ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಮುಚ್ಚಿರುತ್ತವೆ. ಅದರಿಂದ ಅವುಗಳ ಪ್ರಯೋಜನ ಕುಂದಿಲ್ಲ. ಮಳೆ ಹಿಂದೆಗೆದ ಮೇಲೆ ಕಾರ್ತಿಕದಲ್ಲಿ ಚರಂಡಿ ತೋಡಿ, ಕೊಚ್ಚಿಹೋದ ಕಡೆ ಗರಸು ಹಾಕಿ, ಮಾರ್ಗಶಿರದಿಂದ ಫಾಲ್ಗುಣದವರೆಗೆ ತೆರೆದಿಟ್ಟರೆ ಸಾಕು. ಆ ದುರಸ್ತಿಯ ಕೆಲಸ ಸ್ಥಳೀಯ ಪಂಚಾಯಿತಿಯ ಕೈಗೆ ಹೋದರೆ ನಾಲ್ಕು ಮನೆಗಳಿಗೆ ಕೂಲಿಯೂ ದೊರೆತೀತು.

ಮುಳ್ಳಯ್ಯನಗಿರಿಯ ರಸ್ತೆ ಈಗಾಗಲೇ ಡಾಂಬರಿನದು, ನಿಜ. ಆದರೂ ಮೊದಲ ಪರೀಕ್ಷೆಗೆ ಅದೇ ಉಚಿತವೆಂದು ತೋರುತ್ತದೆ. ಬೆಟ್ಟದ ಬುಡದ ಕೈಮರದಲ್ಲಿ ತಪಾಸಣೆಯ ಗೇಟು ಆಗಲೇ ಇದೆ, ಕಾಯುವವರೂ ಇದ್ದಾರೆ. ಬಾಬಾಬುಡನ್‌ಗಿರಿಗೆ ಹೋಗುವ ಯಾತ್ರಿಕರ ಬಸ್ಸಿಗೂ ತೋಟದವರ ವಾಹನಕ್ಕೂ ಆಂಬುಲೆನ್ಸಿಗೂ ತಡೆಯಿಲ್ಲದಂತೆ, ಶಿಖರದ ಕವಲುದಾರಿಯನ್ನು ಮಾತ್ರ ವಾರಕ್ಕೊಂದು ದಿನ, ಬುಧವಾರವೆನ್ನಿ, ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡಬಹುದು; ಅದು ಒಂದು ಋತು ಸುಗಮವಾಗಿ ನಡೆದರೆ ಗಿರಿಯ ಆಚೆಗಿರುವ ಜೀಪಿನ ಕಚ್ಚಾ ದಾರಿಗಳ ಮಾತನ್ನು ಎತ್ತಬಹುದು. ಇದರಿಂದ ನಷ್ಟ ಹೊಂದತಕ್ಕವರು ಜೀಪು ಓಡಿಸುವ ಹುಡುಗರು. ಸಾಲ ಮಾಡಿ ವಾಹನ ಕೊಂಡಿರುವ ಅವರ ಒಂದು ದಿನದ ದುಡಿಮೆಯನ್ನು ಕಿತ್ತುಕೊಂಡು ಪರಿಸರದ ಮಾತಾಡುವುದು ಸಲ್ಲದು. ಆ ದಿನ ಚಿಕ್ಕಮಗಳೂರಿನ ರೈಲು ನಿಲ್ದಾಣದಿಂದಲೂ ಬಸ್ ನಿಲ್ದಾಣದಿಂದಲೂ ಸೈಕಲ್ಲುಗಳನ್ನು ಹೇರಿಕೊಂಡು ಕೈಮರಕ್ಕೆ ತಲಪಿಸುವ ಬಾಡಿಗೆಯನ್ನು ಅವರಿಗೇ ಮೀಸಲಿಟ್ಟು, ಅದರ ದರವನ್ನು ಅವರ ಸಂಘದವರನ್ನು ಎದುರಿಗೆ ಕೂರಿಸಿಕೊಂಡೇ ಜಿಲ್ಲಾಡಳಿತವು ಈ ಮಳೆಗಾಲ ಮುಗಿಯುವುದರೊಳಗೆ ನಿಗದಿಮಾಡಲಿ.