ವಿಜ್ಞಾನಿಯ ಕತೆ, ಶಾಸ್ತ್ರಿಗಳ ವಿಮಾನ

1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಯಲ್ಲಿ ‘ಕೃಷ್ಣವಿವರ’ (ಕಪ್ಪುಕುಳಿ) ಎಂಬ ಕತೆಗೆ ಬಹುಮಾನ ಬಂತು. ಬರೆದವರು ನಾರಾಯಣ ವಿನಾಯಕ ಜಗತಾಪ. ಅಂಥವರು ಯಾರೂ ಇರಲಿಲ್ಲ. ಖಭೌತ ವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್ ತಮ್ಮ ಇನಿಷಿಯಲ್ಲುಗಳನ್ನು ಹಿಂದುಮುಂದು ಮಾಡಿ, ಪತ್ನಿ ಮಂಗಲಾ ಅವರ ಕೈಬರಹದಲ್ಲಿ ಕಳಿಸಿದ್ದ ಕತೆ ಅದು. ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಜತೆ ಗುರುತ್ವ ಸಿದ್ಧಾಂತ ಮಂಡಿಸಿ, 1965ರಲ್ಲೇ ಪದ್ಮಭೂಷಣ ಪಡೆದ ಹೆಸರು ಕಂಡರೆ ತೀರ್ಪುಗಾರರು ಮಣಿದಾರೆಂಬ ಸಂಕೋಚ ಅವರಿಗೆ.

ಅಂಥವರು ಕತೆ ಬರೆಯಬೇಕಿತ್ತೇ? ಇಂದು ಕಪ್ಪುಕುಳಿಯ ಕತೆ ಹೇಳಿದವನು ನಾಳೆ ಕಪ್ಪುಕುಳಿಯ ಸಮೀಕರಣ ಬರೆದರೆ ಯಾವುದನ್ನು ನಂಬುವುದು ಎಂದು ಕೇಳುವವರಿದ್ದಾರೆ. ನನಗಂತೂ ಕತೆ ಬರೆಯುವ ವಿಜ್ಞಾನಿಯ ಮೇಲೆಯೇ ನಂಬಿಕೆ ಹೆಚ್ಚು. ಸಾಕ್ಷ್ಯವಿಲ್ಲದ ಊಹೆಯನ್ನು ಇಳಿಸಲು ಅವನಿಗೆ ಬೇರೊಂದು ಜಾಗವಿದೆ. ಅದನ್ನು ಪ್ರಯೋಗಶಾಲೆಗೆ ಕದ್ದು ತರಬೇಕಾದ ಗರಜು ಇಲ್ಲ.

ನಾರ್ಳೀಕರ್ ಕತೆಯೊಂದರ ನಾಯಕ ಗಂಗಾಧರಪಂತ ಗಾಯತೊಂಡೆಯನ್ನು ಸಿಬಿಎಸ್‌ಇ ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ನಮ್ಮ ಎಷ್ಟೋ ಮಕ್ಕಳು ಓದಿದ್ದಾರೆ. ಪುಣೆಯ ಈ ಇತಿಹಾಸ ಪ್ರಾಧ್ಯಾಪಕ ರೈಲಿನಲ್ಲಿ ಮುಂಬೈಗೆ ಹೋದರೆ ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಬದುಕಿದೆ. ಟೌನ್‌ಹಾಲ್ ಗ್ರಂಥಾಲಯದಲ್ಲಿ ಕೂತು ಪುಟ ತಿರುವಿದಾಗ ಗುಟ್ಟು ಸಿಗುತ್ತದೆ: 1761ರ ಪಾಣಿಪತ್‌ನಲ್ಲಿ ಮರಾಠ ಸೇನೆಯ ವಿಶ್ವಾಸರಾಯನನ್ನು ಕೊಲ್ಲಬೇಕಿದ್ದ ಗುಂಡು ಕಿವಿಯ ಪಕ್ಕ ಸವರಿಕೊಂಡು ಹೋಗಿ ಮರಾಠರು ಗೆದ್ದಿದ್ದಾರೆ. ಬದಲಾದದ್ದು ಒಂದು ಗುಂಡಿನ ದಾರಿ. ಮಿಕ್ಕಿದ್ದೆಲ್ಲ ಅದರಿಂದಲೇ ಹೊರಟು ಬರಬೇಕು. ಈ ಬಿಗಿ ಗಣಿತದವನ ಬಿಗಿ. (ಪಾತ್ರಗಳು ಮಾತ್ರ ತೆಳು. ಗಂಗಾಧರಪಂತರಿಗೆ ಮನೆಯಲ್ಲಿ ಯಾರ ಜತೆ ಜಗಳ ಎಂಬುದು ಕೊನೆಗೂ ತಿಳಿಯುವುದಿಲ್ಲ. ಒಳಮನಸ್ಸು ಬೇಕೆನ್ನುವ ಓದುಗರು ಬೇರೆ ಕಡೆ ನೋಡಬೇಕು.)

ಈಗ ನಮ್ಮ ಆನೇಕಲ್‌ಗೆ ಬನ್ನಿ. ಕಳೆದ ಶತಮಾನದ ಆರಂಭದಲ್ಲಿ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳಿವೆ. ಎಂಥ ಕಲ್ಪನೆ! ಕತೆ ಎಂದಿದ್ದರೆ ಅದನ್ನು ಕನ್ನಡ ನೆಲದ ಮೊದಲ ವೈಜ್ಞಾನಿಕ ಕಥಾಸಾಹಿತ್ಯದ ಸಾಲಿನಲ್ಲಿಟ್ಟು ಮೆರೆಸಬಹುದಿತ್ತು. ಅದನ್ನು ಭರದ್ವಾಜ ಮಹರ್ಷಿಯ ಶಾಸ್ತ್ರವೆಂದು ಸಾರಿದ್ದರಿಂದ, ಅದೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಲೆಕ್ಕ ಹಾಕಿ, ಈ ವಿಮಾನಗಳು ಹಾರಲಾರವು, ಗ್ರಂಥವೂ ಪ್ರಾಚೀನವಲ್ಲ ಎಂದು ಬರೆಯಬೇಕಾಯಿತು. ಆದರೂ 2015ರಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದರ ಮೇಲೆ ಪ್ರಬಂಧ ಮಂಡನೆಯಾಯಿತು.

ನಾರ್ಳೀಕರ್ ಮೇಲೂ ಒಂದು ಆಕ್ಷೇಪ ಉಂಟು, ಗಟ್ಟಿಯಾದದ್ದೇ. 1965ರಲ್ಲಿ ವಿಶ್ವದ ಹಿನ್ನೆಲೆ ವಿಕಿರಣ ಪತ್ತೆಯಾದ ಮೇಲೆ ಬಹುತೇಕರು ಮಹಾಸ್ಫೋಟದ ಕಡೆ ಹೋದರು. ಮಹಾಸ್ಫೋಟ ಒಪ್ಪದ ಹಾಯ್ಲ್ ವಾದವನ್ನು ಹಿಡಿದಿದ್ದ ಇವರು ಕೊನೆವರೆಗೂ ಹೋಗಲಿಲ್ಲ. ಇದು ಕತೆಗಾರನ ಮೋಹ ಎನ್ನಬಹುದು. ಮೋಹ ಇತ್ತೆಂದೇ ನನಗೂ ಅನ್ನಿಸುತ್ತದೆ. ಆದರೆ ಅವರು ಅದನ್ನು ಪ್ರಬಂಧಗಳಲ್ಲಿ ಬರೆದರು, ಬೇರೆಯವರು ಅಳೆಯಬಹುದಾದ ಲೆಕ್ಕಗಳೊಂದಿಗೆ. ಪುಣೆಯಲ್ಲಿ 1988ರಲ್ಲಿ ತಾವು ಕಟ್ಟಿದ ಖಗೋಳ ಕೇಂದ್ರ ‘ಅಯುಕಾ’ವನ್ನು ತಮ್ಮ ಪಂಥದ ಮಠ ಮಾಡಲಿಲ್ಲ, ಮಹಾಸ್ಫೋಟ ಒಪ್ಪುವವರೇ ಅಲ್ಲಿ ಹೆಚ್ಚಾಗಿ ದುಡಿದರು. ಹಸ್ತಾಕ್ಷರ ಕೇಳಿದ ಮಕ್ಕಳಿಗೂ ಅವರದ್ದು ಒಂದೇ ಷರತ್ತು: ಪೋಸ್ಟ್‌ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸಿ, ಉತ್ತರದ ಕೆಳಗೆ ಸಹಿ ಬರುತ್ತದೆ.

ಜೀವಕಣಗಳು ಅಂತರಿಕ್ಷದಿಂದ ಉದುರುತ್ತವೆ ಎಂಬುದು ಗುರು ಹಾಯ್ಲ್ ಹಿಡಿದಿದ್ದ ಇನ್ನೊಂದು ವಾದ. ನಾರ್ಳೀಕರ್ ಅದಕ್ಕೆ ಬಲೂನು ಕಟ್ಟಿದರು. ಹೈದರಾಬಾದಿನಿಂದ ಏರಿದ ಬಲೂನು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿ ಹಿಡಿದು ತಂದಿತು. ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವು. ಒಂದಕ್ಕೆ ಹಾಯ್ಲ್ ಹೆಸರನ್ನೇ ಇಟ್ಟರು. ಗುರುವಿನ ವಾದ ಗೆದ್ದಿತೆಂದು ಸಾರಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ 2009ರ ಇಸ್ರೊ ಪ್ರಕಟಣೆ, ಇವು ಭೂಮಿಯಾಚೆಯಿಂದ ಬಂದವೆಂದು ಈ ಅಧ್ಯಯನ ಖಚಿತಪಡಿಸುವುದಿಲ್ಲ ಎಂದೇ ಹೇಳಿತು.