ವಿದೇಶದಲ್ಲಿರುವವರ ನಂಬರ್ ಮನೆಯಲ್ಲಿದೆಯೇ?

ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ವಿದೇಶದ ಕೆಲಸ ಹೊಸದಲ್ಲ. ಕುವೈತ್, ದುಬೈ, ದೋಹಾಗಳಿಗೆ ನಮ್ಮವರು ಹೋಗತೊಡಗಿ ಎರಡು ತಲೆಮಾರುಗಳೇ ಕಳೆದಿವೆ. ಘಟ್ಟದ ಮೇಲಿನ ಕಥೆ ಸ್ವಲ್ಪ ಬೇರೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ, ಅನಂತರ ಬಂದ ಕಾಗದದ ಕಾರ್ಖಾನೆಗೆ ಒಂದು ಕಾಲದಲ್ಲಿ ಹೊರಗಿನವರೇ ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಈಗ ಶಿವಮೊಗ್ಗದ ಆಲ್ಕೊಳದಿಂದ ಭದ್ರಾವತಿಯವರೆಗಿನ ಮನೆಗಳ ಮಕ್ಕಳು ನರ್ಸ್‌ಗಳಾಗಿ, ಚಾಲಕರಾಗಿ, ತಂತ್ರಜ್ಞರಾಗಿ ಹೊರಗೆ ಹೊರಡುತ್ತಿದ್ದಾರೆ.

ಹೊರಟವರ ಫೋಟೋ ಮನೆಯ ಗೋಡೆಯ ಮೇಲಿದೆ, ಅವರ ಮೊಬೈಲ್ ನಂಬರ್ ಎಲ್ಲರಿಗೂ ಬಾಯಿಪಾಠವಿದೆ. ಆದರೆ ಅವರ ಪಾಸ್‌ಪೋರ್ಟ್ ಸಂಖ್ಯೆ ಎಷ್ಟು, ಅಲ್ಲಿನ ಗುರುತಿನ ಚೀಟಿಯ ಸಂಖ್ಯೆ ಎಷ್ಟು ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ. ಸಂಬಳ ನಿಂತಾಗ, ಅಪಘಾತವಾದಾಗ, ಫೋನ್ ಸ್ವಿಚ್ ಆಫ್ ಆದಾಗ ರಾಯಭಾರ ಕಚೇರಿ ಮೊದಲು ಕೇಳುವುದು ಇವನ್ನೇ. ಆದ್ದರಿಂದ ಈ ಸಂಖ್ಯೆಗಳ ಬಗ್ಗೆ ಕೆಲವು ವಿಷಯಗಳನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಯಾವ ನಂಬರ್ ಯಾರದ್ದು?

ಮೊದಲಿಗೆ ಒಂದು ಗೊಂದಲ ನಿವಾರಣೆಯಾಗಬೇಕು. ‘ಪಿನ್’ ಎಂದೊಡನೆ ನಮಗೆ ಎಟಿಎಂ ನೆನಪಾಗುತ್ತದೆ. ಅದು ಯಾರಿಗೂ ಹೇಳಬಾರದ ಗುಟ್ಟು. ವಲಸೆಯ ಅರ್ಜಿಗಳಲ್ಲಿ ಕೇಳುವ ವೈಯಕ್ತಿಕ ಗುರುತಿನ ಸಂಖ್ಯೆ ಹಾಗಲ್ಲ. ಸಂಬಂಧಪಟ್ಟ ಕಚೇರಿಗೆ ಅದನ್ನು ಹೇಳಲೇಬೇಕು. ಕಾರ್ಖಾನೆಯ ಕಾರ್ಮಿಕರಿಗೆ ಟೋಕನ್ ನಂಬರ್ ಇರುವಂತೆ ಇದೂ ಒಬ್ಬನನ್ನು ಇನ್ನೊಬ್ಬನಿಂದ ಬೇರೆಯಾಗಿ ಗುರುತಿಸುವ ಸಾಧನ.

ಈ ಸಂಖ್ಯೆಗಳಲ್ಲಿ ಮೂರು ಬಗೆಯಿದೆ. ಮೊದಲನೆಯದು ಪುಸ್ತಕದ ಸಂಖ್ಯೆ. ಭಾರತದ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಒಂದು ಅಕ್ಷರ, ಏಳು ಅಂಕಿಗಳಿರುತ್ತವೆ. ಅದು ಆ ಪುಸ್ತಕಕ್ಕೆ ಸೇರಿದ್ದು. ಹೊಸ ಪುಸ್ತಕ ಬಂದರೆ ಸಂಖ್ಯೆಯೂ ಬದಲಾಗುತ್ತದೆ. ಎರಡನೆಯದು ಅರ್ಜಿಯ ಸಂಖ್ಯೆ. ಪಾಸ್‌ಪೋರ್ಟ್ ಕಚೇರಿಯ ಫೈಲ್ ನಂಬರ್, ಅಮೆರಿಕದ ವಲಸೆ ಇಲಾಖೆ ಕೊಡುವ 13 ಅಕ್ಷರ-ಅಂಕಿಗಳ ರಸೀದಿ ಸಂಖ್ಯೆ ಈ ಬಗೆಯವು. ಮೂರನೆಯದು ವ್ಯಕ್ತಿಯ ಸಂಖ್ಯೆ. ಸೌದಿಯ ಇಕಾಮಾ, ಕುವೈತಿನ ಸಿವಿಲ್ ಐಡಿ, ಎಮಿರೇಟ್ಸ್ ಐಡಿ, ಅಮೆರಿಕದ ಎ-ನಂಬರ್ ಇಂಥವು. ಎಲ್ಲಕ್ಕಿಂತ ಮುಖ್ಯವಾದದ್ದು ಈ ಮೂರನೆಯದೇ. ಪುಸ್ತಕ ಕಳೆದರೂ, ಅರ್ಜಿ ಮುಗಿದರೂ ಅಲ್ಲಿನ ಸರ್ಕಾರದ ದಾಖಲೆಯಲ್ಲಿ ನಮ್ಮವರನ್ನು ಗುರುತಿಸುವುದು ಅದರ ಮೂಲಕವೇ.

ನಮ್ಮ 12 ಅಂಕಿಗಳ ಆಧಾರ್ ಕೂಡ ವ್ಯಕ್ತಿಯ ಸಂಖ್ಯೆಯೇ. ಆದರೆ ಅದು ಪೌರತ್ವಕ್ಕೆ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಪಾಸ್‌ಪೋರ್ಟ್ ಇರಬೇಕಾದ ಜಾಗದಲ್ಲಿ ಅದು ನಿಲ್ಲುವುದಿಲ್ಲ.

ಸಂಖ್ಯೆಯೊಳಗಿನ ಹುಟ್ಟಿದ ದಿನ

ಕೊಲ್ಲಿ ದೇಶಗಳ ಹಲವು ಸಂಖ್ಯೆಗಳೊಳಗೆ ಹುಟ್ಟಿದ ದಿನವೇ ಅಡಗಿದೆ ಎಂಬುದು ಹಲವರಿಗೆ ಗೊತ್ತಿಲ್ಲ. 1985ರ ಆಗಸ್ಟ್ 15ರಂದು ಹುಟ್ಟಿದ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕುವೈತಿನಲ್ಲಿ ಅವರ 12 ಅಂಕಿಗಳ ಸಿವಿಲ್ ಐಡಿ 2850815 ಎಂದು ಆರಂಭವಾಗುತ್ತದೆ. ಮೊದಲ 2 ಎಂದರೆ 1900ರ ಶತಮಾನ, ಮುಂದೆ ವರ್ಷ, ತಿಂಗಳು, ದಿನ. ಎಮಿರೇಟ್ಸಿನ 15 ಅಂಕಿಗಳ ಸಂಖ್ಯೆ 784-1985 ಎಂದು ಆರಂಭವಾಗುತ್ತದೆ. 784 ಆ ದೇಶದ ಅಂತರರಾಷ್ಟ್ರೀಯ ಸಂಕೇತ. ಕತಾರಿನ 11 ಅಂಕಿಗಳ ಸಂಖ್ಯೆ 285356 ಎಂದು ಆರಂಭವಾಗುತ್ತದೆ. 356 ಎಂದರೆ ಭಾರತ.

ಇಲ್ಲೇ ನಮ್ಮ ಮನೆಗಳ ಹಳೆಯ ಸಮಸ್ಯೆ ತಲೆ ಎತ್ತುತ್ತದೆ. ಶಾಲೆಗೆ ಸೇರಿಸುವಾಗ ವಯಸ್ಸು ಕೂಡಿಬರಲೆಂದು ಮೇಷ್ಟರು ಜೂನ್ 1 ಎಂದು ಬರೆದುಕೊಂಡ ಹುಟ್ಟುಹಬ್ಬಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ದಿನ, ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು ದಿನ. ಅಂಕಪಟ್ಟಿಯ ದಿನ ಪಾಸ್‌ಪೋರ್ಟಿಗೆ ಹೋಗುತ್ತದೆ, ಪಾಸ್‌ಪೋರ್ಟಿನ ದಿನ ವಿದೇಶದ ಸಂಖ್ಯೆಯೊಳಗೆ ಸೇರುತ್ತದೆ. ಆಮೇಲೆ ಪಾಸ್‌ಪೋರ್ಟಿನಲ್ಲಿ ತಾರೀಖು ತಿದ್ದಿಸಿದರೆ ಅಲ್ಲಿನ ಸಂಖ್ಯೆಗೂ ಇಲ್ಲಿನ ದಾಖಲೆಗೂ ತಾಳೆಯಾಗದು. ತಿದ್ದುಪಡಿ ಏನಿದ್ದರೂ ಮೊದಲ ವೀಸಾಕ್ಕೆ ಮುಂಚೆಯೇ ಆಗಬೇಕು.

ಇಂಥ ಸಂದರ್ಭದಲ್ಲಿ ಕೆಲವರು ಚರ್ಚ್ ಕಚೇರಿಗೆ ಬಂದು, ‘ಫಾದರ್, ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟಿನ ತಾರೀಖನ್ನೇ ಹಾಕಿಕೊಡಿ’ ಎಂದು ಕೇಳುವುದುಂಟು. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡುವ ಅಧಿಕಾರ ಯಾವ ಧರ್ಮಗುರುವಿಗೂ ಇಲ್ಲ. ಹಾಗೆ ಬರೆದುಕೊಟ್ಟ ಚೀಟಿ ಮುಂದೊಂದು ದಿನ ಪರಿಶೀಲನೆಗೆ ಬಂದಾಗ ಸಿಕ್ಕಿಬೀಳುವುದು ಅದನ್ನು ಹಿಡಿದುಕೊಂಡು ಹೋದವರೇ.

ಈಗ ನಿಯಮವೂ ಬಿಗಿಯಾಗಿದೆ. 2025ರ ಪಾಸ್‌ಪೋರ್ಟ್ ನಿಯಮಗಳ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಸರ್ಕಾರಿ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನದ ಪುರಾವೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಮಗುವಿನ ದೀಕ್ಷಾಸ್ನಾನಕ್ಕೆ ಹೆಸರು ಕೊಡಲು ಬರುವ ತಂದೆತಾಯಿಯರಲ್ಲಿ ‘ಜನನ ನೋಂದಣಿ ಆಯಿತೇ?’ ಎಂದು ಕೇಳುವುದನ್ನು ಎಲ್ಲ ಧರ್ಮಕೇಂದ್ರಗಳೂ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಹೆಸರಿನ ತೊಡಕು

ಸಂಖ್ಯೆ ಏಕೆ ಬೇಕೆಂಬುದು ಹೆಸರುಗಳನ್ನು ನೋಡಿದರೆ ತಿಳಿಯುತ್ತದೆ. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಕುಟುಂಬದ ಹೆಸರುಂಟು, ಆದರೆ ಒಂದೇ ಧರ್ಮಕೇಂದ್ರದಲ್ಲಿ ಒಂದೇ ಹೆಸರಿನ ನಾಲ್ಕಾರು ಡಿಸೋಜರು ಸಿಗುತ್ತಾರೆ. ಶಿವಮೊಗ್ಗ, ಭದ್ರಾವತಿಯ ಕನ್ನಡ ಮತ್ತು ತಮಿಳು ಮನೆಗಳಲ್ಲಿ ಅನೇಕರಿಗೆ ಇನಿಶಿಯಲ್ ಮತ್ತು ಒಂದು ಹೆಸರು, ಅಷ್ಟೇ. ಅದೂ ಒಂದು ದಾಖಲೆಯಲ್ಲಿ ಅಂತೋಣಿ, ಇನ್ನೊಂದರಲ್ಲಿ ಅಂಥೋನಿ, ಮತ್ತೊಂದರಲ್ಲಿ ಆಂಟನಿ.

2022ರ ನವೆಂಬರಿನಲ್ಲಿ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಹೇಳಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪಬಹುದೆಂದು ಅನಂತರ ಸ್ಪಷ್ಟಪಡಿಸಲಾಯಿತು. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಇನಿಶಿಯಲನ್ನು ಬಿಡಿಸಿ ಬರೆಯುವುದು, ಎರಡೂ ಹೆಸರಿನ ಜಾಗಗಳನ್ನು ತುಂಬುವುದು ಈಗ ಅಗತ್ಯವೇ ಸರಿ.

ಮುದ್ರೆ ಹೋಯಿತು, ಸಂಖ್ಯೆ ಉಳಿಯಿತು

1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ಸ್ವದೇಶಕ್ಕೆ ಕರೆತರಲಾಯಿತು. ಕರಾವಳಿಯ ಅನೇಕ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಊರು ಸೇರಿದವು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗ, ದೇಶ ಬಿಡಬೇಕಾಗಿ ಬಂದವರಲ್ಲಿ ಒಬ್ಬರಿಗೆ 2,500 ಅಥವಾ 4,000 ಡಾಲರ್, ಕುಟುಂಬಕ್ಕೆ 5,000 ಅಥವಾ 8,000 ಡಾಲರ್ ನಿಗದಿಪಡಿಸಿತು. ಲಕ್ಷಗಟ್ಟಲೆ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡಲಾಯಿತು. ತಾನು ಅಲ್ಲಿದ್ದೆ ಎಂಬುದಕ್ಕೆ ಕಾಗದದ ಆಧಾರ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಆ ತಲೆಮಾರು ಅನುಭವದಿಂದ ಕಲಿಯಿತು.

ಅಂದು ಕನಿಷ್ಠ ಪಾಸ್‌ಪೋರ್ಟಿನಲ್ಲಿ ವೀಸಾದ ಮುದ್ರೆ ಇತ್ತು. 2019ರ ಮಾರ್ಚಿನಲ್ಲಿ ಕುವೈತ್, 2022ರ ಏಪ್ರಿಲಿನಲ್ಲಿ ಎಮಿರೇಟ್ಸ್ ವಾಸದ ಪರವಾನಗಿಯ ಸ್ಟಿಕರನ್ನು ಪಾಸ್‌ಪೋರ್ಟಿಗೆ ಅಂಟಿಸುವುದನ್ನು ನಿಲ್ಲಿಸಿದವು. 2025ರ ಅಕ್ಟೋಬರಿನಿಂದ ಯುರೋಪು ಕೂಡ ಗಡಿಯಲ್ಲಿ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆಯ ದಾರಿ ಹಿಡಿದಿದೆ. ಪಾಸ್‌ಪೋರ್ಟಿನ ನಕಲೊಂದನ್ನೇ ಮನೆಯಲ್ಲಿಟ್ಟುಕೊಂಡರೆ ಸಾಲದು. ನಮ್ಮವರು ಅಲ್ಲಿ ಕಾನೂನುಬದ್ಧವಾಗಿ ಇದ್ದಾರೆಯೇ ಎಂಬುದು ಈಗ ಆ ಕಾರ್ಡಿನಲ್ಲಿ, ಆ ಸಂಖ್ಯೆಯಲ್ಲಿ ಇದೆ. ಮಾಲೀಕರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಇನ್ನೂ ನಿಂತಿಲ್ಲದಿರುವಾಗ, ಬರೆದಿಟ್ಟುಕೊಂಡ ಸಂಖ್ಯೆಯೇ ಕಾರ್ಮಿಕನ ಕೈಯಲ್ಲಿ ಉಳಿಯುವ ಆಸರೆ.

ನಾವು ಮಾಡಬಹುದಾದದ್ದು

ಹೊರಡುವವರು ಒಂದು ಲಕೋಟೆಯನ್ನು ಮನೆಯಲ್ಲಿ ಬಿಟ್ಟುಹೋಗಲಿ. ಅದರಲ್ಲಿ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ನಕಲು, ವೀಸಾ, ಕೆಲಸದ ಒಪ್ಪಂದ, ಏಜೆಂಟರ ಸರ್ಕಾರಿ ನೋಂದಣಿ ಸಂಖ್ಯೆ ಇರಲಿ. ಅಲ್ಲಿನ ಕಾರ್ಡ್ ಸಿಕ್ಕಿದ ಕೂಡಲೇ ಅದರ ಎರಡೂ ಬದಿಯ ನಕಲು ಸೇರಲಿ. ಹತ್ತನೇ ತರಗತಿ ಮುಗಿಸದೆ ಕೊಲ್ಲಿಗೆ ಹೋಗುವವರಿಗೆ ವಲಸೆ ಅನುಮತಿ ಕಡ್ಡಾಯ. ಅದರೊಂದಿಗೆ ಬರುವ ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಅಪಘಾತದಿಂದಾಗುವ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಯ ವಿಮೆಯಿದೆ. ಪಾಲಿಸಿ ಇದೆಯೆಂದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಅದನ್ನು ಕೇಳುವವರು ಯಾರು?

ಈ ಕಾಗದಗಳ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಸಂಖ್ಯೆ ಗುಟ್ಟಲ್ಲದಿದ್ದರೂ ಬೀದಿಯಲ್ಲಿ ಹಂಚುವ ವಸ್ತುವಲ್ಲ. ಓಟಿಪಿಯನ್ನಂತೂ ಯಾರಿಗೂ, ಏಜೆಂಟರಿಗೂ, ಹೇಳಬೇಡಿ.

ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು, ವಾಳೆಯ ಗುರಿಕಾರರು ವರ್ಷಕ್ಕೊಮ್ಮೆ ವಲಸಿಗರ ಮನೆಗಳಿಗೆ ಹೋಗಿ ‘ಲಕೋಟೆ ಇದೆಯೇ?’ ಎಂದು ಕೇಳಿದರೂ ದೊಡ್ಡ ಸೇವೆಯಾದೀತು. ಇದಕ್ಕೆ ಹಣ ಬೇಡ, ಸಭೆ ಬೇಡ. ಮಗನನ್ನೋ ಮಗಳನ್ನೋ ದೂರ ಕಳುಹಿಸಿದ ತಾಯಿ ಮಧ್ಯರಾತ್ರಿಯಲ್ಲಿ ಯಾರಿಗಾದರೂ ಫೋನ್ ಮಾಡಬೇಕಾಗಿ ಬಂದರೆ, ಹೇಳಲು ಆಕೆಯ ಬಳಿ ಕಣ್ಣೀರಿನ ಜೊತೆಗೆ ಒಂದು ಸಂಖ್ಯೆಯೂ ಇರಲಿ.